ಇಬ್ಬರು ಪಾರಮ್ಮಂದಿರು

ಸಿರುಗುಪ್ಪ

ಅಕ್ಕಾ,

ಬಸ್ ನಿಲ್ದಾಣದಲ್ಲಿ ತೊಡೆಯ ಮೇಲಿಟ್ಟು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡ. ರೋಗಿಗಳ ಸುರಕ್ಷತೆಯ ಅಧ್ಯಯನಕ್ಕೆ ನಾನು ಬಂದಿರುವ ಆಸ್ಪತ್ರೆಯಲ್ಲಿ ಪಾರಮ್ಮ ಎಂಬ ಹೆಸರಿನ ಇಬ್ಬರು ಅಕ್ಕಪಕ್ಕ ಮಲಗಿದ್ದರು. ನಿನ್ನೆ ಒಬ್ಬರಿಗೆ ಕೊಡಬೇಕಾದ ರಕ್ತವನ್ನು ನರ್ಸ್ ಶಶಿರೇಖಾ ನನ್ನ ಕಣ್ಣೆದುರೇ ಇನ್ನೊಬ್ಬರಿಗೆ ಹಾಕಿಬಿಟ್ಟರು. ಮರುಕ್ಷಣವೇ ಗೊತ್ತಾಗಿ ನಿಲ್ಲಿಸಿ, "ಡಾಕ್ಟ್ರೇ, ತಪ್ಪು ಮಾಡೀನ್ರಿ, ಲಗೂನ ಬರ್ರಿ!" ಎಂದು ಚೀರಿದರು. ಹಾಗೆ ಚೀರಿದ್ದಕ್ಕೇ ಆ ಪಾರಮ್ಮ ಉಳಿದರು. ಸಂಜೆಯೊಳಗೆ ಆಸ್ಪತ್ರೆಯವರು ಶಶಿರೇಖಾರನ್ನು ಕೆಲಸದಿಂದ ತೆಗೆದುಹಾಕಿದರು! ಇಲ್ಲಿ ಎಂಥ ತಪ್ಪುಗಳು ಆಗುತ್ತವೆ ಎಂದು ಇವತ್ತು ಉಳಿದ ನರ್ಸುಗಳನ್ನು ಒಬ್ಬೊಬ್ಬರಾಗಿ ಕೇಳಿದೆ. ಎಲ್ಲರದೂ ಒಂದೇ ಉತ್ತರ: "ನಮ್ಮಲ್ಲಿ ತಪ್ಪು ಆಗಂಗಿಲ್ರಿ, ಮೇಡಂ."

ಅಮ್ಮನ ಕಣ್ಣಿನ ಆಪರೇಷನ್ ದಿನ ನೀನು ಪಕ್ಕದಲ್ಲೇ ಇರು. ಯಾರು ಸೂಜಿ ಹಿಡಿದು ಬಂದರೂ ಮೊದಲು ಅಮ್ಮನ ಹೆಸರಿನ ಜೊತೆ ವಯಸ್ಸು, ಊರನ್ನೂ ಕೇಳಲಿ.

ಬಳ್ಳಾರಿ ಬಸ್ಸು ಬಂತು.

ನಿನ್ನ ತಂಗಿ,
ವಸುಧಾ