ಒಂದು ಮನೆ, ಎರಡು ಮುಂಗಡ, ನಮ್ಮಮ್ಮನ ಮಂಡಿ

ಮಾನ್ಯ ಬಾಡಿಗೆ ಅಹವಾಲು ಅಧಿಕಾರಿಗಳೇ,

ನಮ್ಮಮ್ಮನ ಮುಂಗಡ ಹಣ ಒಬ್ಬ ಮನೆ ಏಜೆಂಟನ ಜೇಬಿನಲ್ಲಿದೆ. ಅದನ್ನು ಕೊಡಿಸಬೇಕಾದವರು ನೀವು. ನೀವು ಕೊಡಿಸುತ್ತಿಲ್ಲ. ವಿಷಯ ಇಷ್ಟೇ. ಇಷ್ಟನ್ನೇ ಅರ್ಜಿಯಲ್ಲಿ ಬರೆದು ನಿಮ್ಮ ಕಚೇರಿಗೆ ಕೊಟ್ಟಿದ್ದೆ. ನಿಮ್ಮ ಗುಮಾಸ್ತರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಇದರಲ್ಲಿ ವ್ಯಾಜ್ಯ ಎಲ್ಲಿದೆ ಮೇಡಂ?" ಎಂದು ಕೇಳಿದರು. ಆದ್ದರಿಂದ ಈಗ ಊರಿಗೆಲ್ಲ ಕೇಳುವ ಹಾಗೆ, ಪತ್ರಿಕೆಯಲ್ಲಿ, ವಿಸ್ತಾರವಾಗಿ ಬರೆಯುತ್ತಿದ್ದೇನೆ. ನಾನು ಕೂದಲು ಕತ್ತರಿಸುವ ಕಸುಬಿನವಳು. ದಿನವಿಡೀ ಕತ್ತರಿಯೂ ಬಾಯಿಯೂ ಒಟ್ಟಿಗೆ ಆಡಿ ಅಭ್ಯಾಸ. ಎಲ್ಲಾದರೂ ತುಸು ಹೆಚ್ಚು ಕತ್ತರಿಸಿದೆ ಅನ್ನಿಸಿದರೆ, ಮತ್ತೆ ಬೆಳೆಯುತ್ತದೆ ಎಂದುಕೊಂಡು ಸಮಾಧಾನ ಮಾಡಿಕೊಳ್ಳಿ.

ನಾವಿರುವುದು ನಾಲ್ಕನೇ ಮಹಡಿ, ಲಿಫ್ಟ್ ಇಲ್ಲದ ಕಟ್ಟಡ. ಈ ಮನೆಗೆ ಬಂದಾಗ ಅಮ್ಮ ಮಾರುಕಟ್ಟೆಯಲ್ಲಿ ತರಕಾರಿ ಮಾರುತ್ತಿದ್ದಳು. ಸಂಜೆ ಖಾಲಿ ಬುಟ್ಟಿ ಸೊಂಟಕ್ಕಿಟ್ಟುಕೊಂಡು ದಡದಡನೆ ಹತ್ತಿ ಬರುತ್ತಿದ್ದಳು, ನಾನು ಹಿಂದಿನಿಂದ ಏದುಸಿರು ಬಿಡುತ್ತಿದ್ದೆ. ಒಪ್ಪಂದ ಆಗಿರುವುದು ಅವಳ ಹೆಸರಿನಲ್ಲಿ, ಮುಂಗಡ ಕೊಟ್ಟಿದ್ದು ಅವಳ ತಕ್ಕಡಿಯ ದುಡಿಮೆಯಿಂದ. ಈಗ ಅವಳ ಎರಡೂ ಮಂಡಿ ಕೈಕೊಟ್ಟಿವೆ. ಡಾಕ್ಟರು ಮೆಟ್ಟಿಲ ಸಹವಾಸವೇ ಬೇಡ ಎಂದಿದ್ದಾರೆ. ಹಾಗಾಗಿ ಅಮ್ಮ ಕಿಟಕಿಯ ಬಳಿ ಕೂತು, ಹಗ್ಗ ಕಟ್ಟಿದ ಬುಟ್ಟಿ ಇಳಿಬಿಟ್ಟು, ಕೆಳಗೆ ಬರುವ ಗಾಡಿಯವನ ಬಳಿ ತರಕಾರಿ ಕೊಳ್ಳುತ್ತಾಳೆ. ಬಾಡಿದ್ದು ಹಾಕಿದರೆ ಮೇಲಿನಿಂದಲೇ ಕೂಗಿ ತೆಗೆಸುತ್ತಾಳೆ. "ಅಜ್ಜಿ, ಅಷ್ಟು ಎತ್ತರದಿಂದ ನಿಮಗೆ ಹೇಗೆ ಕಾಣುತ್ತೆ?" ಎಂದು ಅವನು ಒಮ್ಮೆ ಕೇಳಿದ. "ತರಕಾರಿ ಕಾಣಲ್ಲ ಕಣೋ, ನಿನ್ನ ಮುಖ ಕಾಣುತ್ತೆ. ಅಷ್ಟು ಸಾಕು!" ಎಂದಳು. ಹೀಗೆ ನಗುತ್ತಾಳೆ ನಿಜ. ಆದರೆ ನಾನು ಕೆಲಸಕ್ಕೆ ಹೊರಟಾಗ ಬಾಗಿಲವರೆಗೆ ಗೋಡೆ ಹಿಡಿದು ಬಂದು, ಮೆಟ್ಟಿಲನ್ನು ಒಂದು ಸಲ ನೋಡಿ ಒಳಗೆ ಹೋಗುತ್ತಾಳೆ.

ಪಕ್ಕದ ಬೀದಿಯಲ್ಲಿ ಗಡಿಯಾರ ರಿಪೇರಿ ಮಾಡುವವರ ನೆಲಮಹಡಿ ಮನೆ ಖಾಲಿಯಾಗಿದೆ. ಹಳೆ ಮನೆ, ಚಿಕ್ಕ ಮನೆ, ಆದರೆ ಬಾಗಿಲು ತೆರೆದರೆ ರಸ್ತೆ. ಫೋನಿನಲ್ಲಿ ತೆಗೆದ ಚಿತ್ರ ತೋರಿಸಿದೆ. ಅಮ್ಮ ಕೋಣೆ ನೋಡಲಿಲ್ಲ, ಅಡುಗೆಮನೆ ನೋಡಲಿಲ್ಲ. "ಹೊಸ್ತಿಲ ಪಕ್ಕ ಎರಡು ಬುಟ್ಟಿ ಇಡೋ ಜಾಗ ಇದೆಯೇನೇ?" ಎಂದಳು. ಇದೆ ಎಂದೆ. "ಹಾಗಾದ್ರೆ ನಾನು ಮತ್ತೆ ವ್ಯಾಪಾರ ಶುರು ಮಾಡ್ತೀನಿ" ಎಂದು ಆವತ್ತೇ ಮಂಚದ ಕೆಳಗಿನ ತಕ್ಕಡಿ ತೆಗೆಸಿ ಒರೆಸಿಟ್ಟಳು. ಗಡಿಯಾರದವರು ಒಳ್ಳೆಯವರು. ಈ ತಿಂಗಳ ಕೊನೆಯವರೆಗೆ ಬೇರೆ ಯಾರಿಗೂ ಕೊಡುವುದಿಲ್ಲ ಎಂದಿದ್ದಾರೆ. ಆದರೆ ಅವರಿಗೂ ಮುಂಗಡ ಬೇಕು. ನಮ್ಮ ಮುಂಗಡ ಎಲ್ಲಿದೆ ಎಂದು ಮೇಲೆಯೇ ಹೇಳಿದ್ದೇನೆ.

ಇನ್ನು ಆ ಏಜೆಂಟರ ವಿಚಾರ. ಮನೆಯ ಮಾಲೀಕರು ದೂರದೇಶದಲ್ಲಿದ್ದಾರಂತೆ, ನಾವು ಕಂಡಿಲ್ಲ. ಕೊಡುವುದು, ತೆಗೆದುಕೊಳ್ಳುವುದು, ಬೀಗ, ಬಾಡಿಗೆ ಎಲ್ಲ ಇವರದೇ. ಅಮ್ಮ ಅವರಿಗೆ ಇಟ್ಟಿರುವ ಹೆಸರು ನೋಡೋಣಪ್ಪ. ನಲ್ಲಿ ಸೋರುತ್ತಿದೆ ಎಂದರೆ ನೋಡೋಣ, ಕಿಟಕಿ ಮುಚ್ಚುವುದಿಲ್ಲ ಎಂದರೆ ನೋಡೋಣ. ಬಾಡಿಗೆ ದಿನ ಮಾತ್ರ ನೋಡುವುದಿಲ್ಲ, ನೇರವಾಗಿ ಬಂದೇಬಿಡುತ್ತಾರೆ. ಮನೆ ಬಿಡುತ್ತೇವೆ ಎಂದು ಕ್ರಮವಾಗಿ ಮುಂಚೆಯೇ ತಿಳಿಸಿದಾಗ ಅವರು ವ್ಯವಹಾರದ ರೀತಿ ವಿವರಿಸಿದರು. ನಮ್ಮ ಊರಿನ ಪದ್ಧತಿ ನಿಮಗೂ ಗೊತ್ತಿರಬಹುದು: ಹೋಗುವವರ ಮುಂಗಡವನ್ನು ಬರುವವರ ಮುಂಗಡದಿಂದ ತೀರಿಸುವುದು. ಬರುವವರು ಸಿಗುವ ತನಕ ಹೋಗುವವರು ಹೋಗುವಂತಿಲ್ಲ. "ಹಾಗಾದ್ರೆ ನಾವು ಕೊಟ್ಟ ದುಡ್ಡು ಎಲ್ಲಪ್ಪ?" ಎಂದಳು ಅಮ್ಮ. "ಅದು ಓಡಾಡ್ತಾ ಇದೆ ಅಜ್ಜಿ, ದುಡ್ಡು ಒಂದು ಕಡೆ ಕೂರಬಾರದು" ಎಂದರು ನೋಡೋಣಪ್ಪ. ಅಮ್ಮ ತನ್ನ ಮಂಡಿ ಸವರಿಕೊಂಡು, "ಸರಿ ಬಿಡು, ನನ್ನ ದುಡ್ಡಾದರೂ ಓಡಾಡಲಿ" ಎಂದಳು.

ಬರುವವರನ್ನು ಹುಡುಕಿ ಕರೆತಂದು ಮನೆ ತೋರಿಸುವುದು ಏಜೆಂಟರ ಕೆಲಸ. ಮನೆಯಲ್ಲಿ ಕೂತು ಬಾಗಿಲು ತೆಗೆಯುವುದು ಅಮ್ಮನ ಕೆಲಸ. ಇಲ್ಲೇ ಎಡವಟ್ಟಾಯಿತು. ಅಮ್ಮನಿಗೆ ಮಾರುವುದು ಗೊತ್ತು, ಆದರೆ ಒಂದೇ ರೀತಿ ಗೊತ್ತು. ಅವಳ ಅಂಗಡಿಯಲ್ಲಿ ಬದನೆಕಾಯಿಯ ತೂತು ಯಾವಾಗಲೂ ಗಿರಾಕಿಯ ಕಡೆಗೇ ಇರುತ್ತಿತ್ತು. "ಹುಳುಕು ಮೊದಲು ತೋರಿಸು, ಬೆಲೆ ಆಮೇಲೆ ಹೇಳು. ಆಗ ಗಿರಾಕಿ ನಾಳೆಯೂ ಬರ್ತಾನೆ" ಎನ್ನುವುದು ಅವಳ ವ್ಯಾಪಾರದ ಆದಿ, ಅಂತ್ಯ. ಮನೆಯನ್ನೂ ಹಾಗೆಯೇ ಮಾರತೊಡಗಿದಳು. ಮೊದಲು ಬಂದವರು ಹೊಸದಾಗಿ ಮದುವೆಯಾದ ಜೋಡಿ. ನೋಡೋಣಪ್ಪ ಬಾಲ್ಕನಿಯಿಂದ ಕಾಣುವ ಆಕಾಶವನ್ನು ವರ್ಣಿಸುತ್ತಿದ್ದರು, ಆಕಾಶವೂ ಬಾಡಿಗೆಯಲ್ಲಿ ಸೇರಿದೆಯೇನೋ ಎಂಬಂತೆ. ಅಮ್ಮ ಆ ಹುಡುಗಿಯ ಕೈ ಹಿಡಿದು, "ಬಾ ಮಗಳೇ, ಆಕಾಶ ಎಲ್ಲಿಗೂ ಹೋಗಲ್ಲ, ಮೊದಲು ಬಚ್ಚಲು ನೋಡು. ಮೇಲಿನವರು ಸ್ನಾನ ಮಾಡಿದ್ರೆ ನೀರು ನಮ್ಮಲ್ಲಿ ಬರುತ್ತೆ" ಎಂದಳು. ಟೀ ಕೂಡ ಕೊಟ್ಟಳು. ಅವರು ಕುಡಿದರು, ಹೋದರು, ಮತ್ತೆ ಬರಲಿಲ್ಲ.

ಆಮೇಲೆ ಬಂದವರಿಗೂ ಇದೇ ಉಪಚಾರ. ಮಲಗುವ ಕೋಣೆಯ ಗೋಡೆಯ ಒದ್ದೆ, ಎದುರುಮನೆಯ ಕಹಳೆ ಊದುವ ಯುವಕ, ಹಾಡುವ ನಲ್ಲಿ, ಎಲ್ಲದರ ಪರಿಚಯವಾಯಿತು. ಬ್ಯಾಂಕಿನವರೊಬ್ಬರು ಅಮ್ಮನಿಗೆ ಕೈಮುಗಿದು, "ನೀವು ನನ್ನ ಕಣ್ಣು ತೆರೆಸಿದಿರಿ" ಎಂದು ಮೆಟ್ಟಿಲಿಳಿದರು. ನೋಡೋಣಪ್ಪನ ಮುಖ ಕೆಂಪೇರಿತು. "ಅಜ್ಜಿ, ನಿಮಗೆ ಕೈ ಮುಗೀತೀನಿ, ಮುಂದಿನ ಸಲ ಜನ ಬಂದಾಗ ಸುಮ್ಮನೆ ಮಲಗಿಬಿಡಿ" ಎಂದರು. ನಾನೂ, ನಮ್ಮ ಹಣವೇ ಅಲ್ಲವೇ ಎಂದು, "ಮಲಕ್ಕೋ ಅಮ್ಮ, ಒಂದು ಹತ್ತು ನಿಮಿಷ" ಎಂದೆ. ಮಲಗಿದಳು. ಹೊದಿಕೆ ಎಳೆದುಕೊಂಡು ಕಣ್ಣು ಮುಚ್ಚಿದಳು. ಬಂದವರು ಪಿಸುಮಾತಿನಲ್ಲಿ ಮನೆ ಮೆಚ್ಚತೊಡಗಿದರು. ನೋಡೋಣಪ್ಪನ ಮುಖ ಅರಳಿತು. ಅಷ್ಟರಲ್ಲಿ ಹೊದಿಕೆಯೊಳಗಿನಿಂದ ದನಿ ಬಂತು: "ಆ ಕಿಟಕಿ ಎಳೀಬೇಡಪ್ಪಾ, ಕೈಗೇ ಬರುತ್ತೆ."

ಅಧಿಕಾರಿಗಳೇ, ಆವತ್ತು ನಾನು ಅಮ್ಮನ ಮೇಲೆ ರೇಗಿದೆ. "ನಿನ್ನ ಸತ್ಯಕ್ಕೆ ಬೆಂಕಿ ಬೀಳಲಿ, ನಾವು ಇಲ್ಲೇ ಕೊಳೀಬೇಕಾಗುತ್ತೆ" ಎಂದೆ. ಅವಳು ಟೀ ಮಿಕ್ಕಿದ್ದ ಲೋಟಗಳನ್ನು ನೋಡುತ್ತ, "ನಾವು ಇಳಿಯೋದಕ್ಕೆ ಇನ್ನೊಬ್ಬರನ್ನ ಹತ್ತಿಸಿ ಬೀಳಿಸಬೇಕೇನೇ?" ಎಂದು ಕೇಳಿದಳು. ಲೋಟ ತೊಳೆಯಲು ಹೋದೆ.

ಮರುವಾರ ಒಬ್ಬ ಗಣಿತದ ಟೀಚರ್ ಬಂದರು. ಒಬ್ಬಂಟಿ, ಕನ್ನಡಕ, ಹೆಗಲಲ್ಲಿ ಉತ್ತರಪತ್ರಿಕೆಗಳ ಚೀಲ. ಅಮ್ಮ ಎಂದಿನಂತೆ ಹುಳುಕುಗಳ ಮೆರವಣಿಗೆ ಹೊರಡಿಸಿದಳು. ಟೀಚರ್ ಗಾಬರಿಯಾಗಲಿಲ್ಲ. ಗೋಡೆ ಮುಟ್ಟಿ ನೋಡಿದರು. "ಒದ್ದೆ ಇಲ್ಲೀವರೆಗೆ ಮಾತ್ರ ಬರುತ್ತಾ ಅಜ್ಜಿ? ಹಾಗಾದ್ರೆ ಮಂಚ ಆ ಕಡೆ ಹಾಕ್ಕೊಂಡ್ರೆ ಆಯ್ತು" ಎಂದರು. ಕಹಳೆಯ ವಿಷಯಕ್ಕೆ, "ದಿನವೆಲ್ಲ ಅರವತ್ತು ಮಕ್ಕಳ ಕಿರುಚಾಟ ಕೇಳ್ತೀನಿ, ಇದು ಸಂಗೀತವಾದ್ರೂ ಹೌದಲ್ಲ" ಎಂದರು. "ನಾನು ಮೂರು ಮನೆ ಬದಲಾಯಿಸಿದ್ದೀನಿ. ಎಲ್ಲಾ ಮನೇಲೂ ಏನೋ ಒಂದು ಇರುತ್ತೆ. ಮೊದಲೇ ಹೇಳಿದವರು ನೀವೊಬ್ಬರೇ" ಎಂದು ಹೇಳಿ, ಅದೇ ದಿನ ನೋಡೋಣಪ್ಪನಿಗೆ ಪೂರ್ತಿ ಮುಂಗಡ ಕೊಟ್ಟರು. ಅಮ್ಮ ನನ್ನ ಕಡೆ ಒಂದು ನೋಟ ಬೀರಿದಳು. ಅಂಥ ನೋಟವನ್ನು ತೀರ್ಪು ಎಂದು ಕರೆದು ನಿಮ್ಮ ಕಚೇರಿಯಲ್ಲಿ ಮುದ್ರೆ ಒತ್ತುತ್ತಾರೆ.

ಕುಣಿಯುತ್ತ ಹೋದೆ ನೋಡೋಣಪ್ಪನ ಆಫೀಸಿಗೆ. ಗಾಜಿನ ಬಾಗಿಲು, ಗೋಡೆ ತುಂಬ ಮನೆಗಳ ಚಿತ್ರ, ಎಲ್ಲ ಮನೆಗಳಿಗೂ ನೀಲಿ ಆಕಾಶ. ಬರುವವರು ಬಂದಾಯಿತು, ಕೊಟ್ಟಾಯಿತು, ನಮ್ಮದು ನಮಗೆ ಕೊಡಿ ಎಂದೆ. ಅವರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, "ಮೊದಲು ಮನೆ ಖಾಲಿ ಮಾಡಿ, ಆಮೇಲೆ ನೋಡೋಣ" ಎಂದರು. ಕೊಡದೆ ಖಾಲಿ ಮಾಡಿ ಎಲ್ಲಿಗೆ ಹೋಗಲಿ? ಗಡಿಯಾರದವರ ಮನೆಗೆ ಮುಂಗಡ ಕೊಡಬೇಕಲ್ಲ? "ಅದು ನಿಮ್ಮ ಸ್ವಂತ ವಿಷಯ. ಮತ್ತೆ ಬಣ್ಣದ ಖರ್ಚು ಇದೆ. ನಿಮ್ಮ ತಾಯಿ ಓಡಿಸಿದ ಗಿರಾಕಿಗಳ ನಷ್ಟ ಬೇರೆ ಇದೆ. ಎಲ್ಲ ಕಳೆದು ಏನುಳಿಯುತ್ತೋ ನೋಡೋಣ." ಸತ್ಯ ಹೇಳಿದ್ದಕ್ಕೆ ದಂಡ! ನಾನು ಕೇಳಿದೆ, "ಅಲ್ಲ ಸ್ವಾಮಿ, ಒಂದೇ ಮನೆಗೆ ಎರಡು ಮುಂಗಡ ಇಟ್ಟುಕೊಂಡು ಕೂತಿದ್ದೀರಲ್ಲ, ಒಬ್ಬಳೇ ಮಗಳಿಗೆ ಇಬ್ಬರು ಅಳಿಯಂದಿರನ್ನ ಗೊತ್ತು ಮಾಡಿದ ಹಾಗಾಗಲಿಲ್ಲವಾ?" ಅವರು ನಗುತ್ತ, "ಅದು ಬೇರೆ, ಇದು ಬೇರೆ" ಎಂದರು. ಅದು ಹೇಗೆ ಬೇರೆ ಎಂದು ನಿಮಗಾದರೂ ತಿಳಿದಿದ್ದರೆ ಹೇಳಿ.

ಹಾಗಾಗಿ ನಿಮ್ಮ ಕಚೇರಿಗೆ ಬಂದೆ. ಮೂರನೇ ಮಹಡಿ. ಲಿಫ್ಟ್ ಇದೆ, ಅದರ ಬಾಗಿಲಿಗೆ ಒಂದು ದೊಡ್ಡ ಹೂಕುಂಡ ಅಡ್ಡ ಇಟ್ಟಿದ್ದಾರೆ. ಗಿಡ ಚೆನ್ನಾಗಿ ಬೆಳೆದಿರುವುದನ್ನು ನೋಡಿದರೆ ಲಿಫ್ಟ್ ಕೆಟ್ಟು ಬಹಳ ಕಾಲವಾಗಿರಬೇಕು. ಮೇಲೆ "ತ್ವರಿತ ಪರಿಹಾರವೇ ನಮ್ಮ ಧ್ಯೇಯ" ಎಂಬ ಫಲಕ, ಅದರಡಿ ನಿದ್ದೆಗಣ್ಣಿನ ಜನರ ಸಾಲು. ನಿಮ್ಮ ಗುಮಾಸ್ತರು ಸೌಜನ್ಯದಿಂದಲೇ ಮಾತಾಡಿದರು. ಅವರ ತಲೆಗೆ ಹಚ್ಚಿದ ಬಣ್ಣ ಕಿವಿಗೂ ಹತ್ತಿತ್ತು. ವೃತ್ತಿಯವಳಾಗಿ ಹೇಳುತ್ತೇನೆ, ಹಚ್ಚುವ ಮುಂಚೆ ಕಿವಿಗೆ ಸ್ವಲ್ಪ ಎಣ್ಣೆ ಸವರಿಕೊಳ್ಳಲಿ. ಇದಕ್ಕೆ ನಾನು ಶುಲ್ಕ ಕೇಳುವುದಿಲ್ಲ.

"ಮನೆ ಖಾಲಿ ಮಾಡಿದ್ದೀರಾ?" ಎಂದರು.

"ಇಲ್ಲ. ದುಡ್ಡು ಬಂದರೆ ಮಾಡ್ತೀವಿ."

"ಖಾಲಿ ಮಾಡದೆ ವ್ಯಾಜ್ಯ ಹುಟ್ಟೋದಿಲ್ಲ ಮೇಡಂ. ಇದು ಇನ್ನೂ ಹುಟ್ಟೇ ಇಲ್ಲ."

ಹುಟ್ಟದ ವ್ಯಾಜ್ಯದ ಬೇನೆ ಮಾತ್ರ ನಾವು ಅನುಭವಿಸುತ್ತಿದ್ದೇವೆ ಎಂದೆ. ಅವರಿಗೆ ಸ್ವಲ್ಪ ಕನಿಕರ ಬಂತೆಂದು ಕಾಣುತ್ತದೆ. ವಿಶೇಷ ಸಂದರ್ಭದಲ್ಲಿ ಅಧಿಕಾರಿಗಳು ಏಜೆಂಟರನ್ನು ಕರೆಸಿ ವಿಚಾರಣೆ ಮಾಡಬಹುದು ಎಂದು ದನಿ ತಗ್ಗಿಸಿ ಹೇಳಿದರು. ಆದರೆ ಅದಕ್ಕೆ ಒಪ್ಪಂದದಲ್ಲಿ ಹೆಸರಿರುವ ಅರ್ಜಿದಾರರೇ ಖುದ್ದಾಗಿ ನಿಮ್ಮ ಮುಂದೆ ಬಂದು ಹೇಳಿಕೆ ಕೊಡಬೇಕಂತೆ. ನಾನು ಮಗಳು, ಬಂದರೆ ಆಗುವುದಿಲ್ಲವೇ? ಆಗುವುದಿಲ್ಲ. ಫೋನಿನಲ್ಲಿ ಮುಖ ತೋರಿಸಿದರೆ? "ಖುದ್ದು ಅಂದ್ರೆ ಖುದ್ದು ಮೇಡಂ." ಅಮ್ಮನಿಗೆ ಮೆಟ್ಟಿಲು ಹತ್ತಲು ಆಗುವುದಿಲ್ಲ, ಮೆಟ್ಟಿಲು ಹತ್ತಲು ಆಗದ್ದರಿಂದಲೇ ಈ ಅರ್ಜಿ ಎಂದೆ. "ಹಾಗಿದ್ರೆ ಹತ್ತಲು ಆಗುವುದಿಲ್ಲ ಎಂಬ ಬಗ್ಗೆ ಅವರೇ ಬಂದು ಒಂದು ಮನವಿ ಕೊಡಲಿ" ಎಂದರು.

ಅಧಿಕಾರಿಗಳೇ, ನಾನು ಅಲ್ಲಿ ನಕ್ಕುಬಿಟ್ಟೆ. ಮನೆಗೆ ಬಂದು ಅಮ್ಮನಿಗೆ ಹೇಳುವಾಗ ಮಾತ್ರ ಅಳು ಬಂತು. ತಿಂಗಳು ಮುಗಿಯುತ್ತ ಬಂದಿದೆ. ಗಡಿಯಾರದವರ ಮನೆಗೆ ಬೇರೆಯವರು ಕೇಳಿಕೊಂಡು ಬರುತ್ತಿದ್ದಾರೆ. ಟೀಚರ್ ತಮ್ಮ ಸಾಮಾನನ್ನು ಗೆಳತಿಯ ಮನೆಯ ಹಜಾರದಲ್ಲಿ ಪೇರಿಸಿಟ್ಟು, ಸಂಜೆ ನಮ್ಮಲ್ಲಿಗೆ ಬಂದು ತಮ್ಮದಾಗಬೇಕಾದ ಗೋಡೆಗೆ ಒರಗಿಕೊಂಡು ಉತ್ತರಪತ್ರಿಕೆ ತಿದ್ದುತ್ತಾರೆ. ಅವರ ಹಣವೂ ಹೋಯಿತು, ಮನೆಯೂ ಇಲ್ಲ. ಆದರೂ ಒಂದು ದಿನವೂ ನಮ್ಮನ್ನು ಬೇಗ ಹೋಗಿ ಎಂದಿಲ್ಲ. ನಾಚಿಕೆ ಯಾರಿಗಾಗಬೇಕೋ ಅವರಿಗಾಗದೆ ನಮಗಾಗುತ್ತಿದೆ.

ಈಗ ನಮ್ಮ ಬೇಡಿಕೆ. ಇದನ್ನು ಅಮ್ಮನೇ ನಿರ್ಧರಿಸಿದ್ದಾಳೆ, ನಾನು ಬರೀ ಬರೆಯುವವಳು. ಬರುವ ಸೋಮವಾರ ಕಚೇರಿ ತೆರೆಯುವ ಹೊತ್ತಿಗೆ ಅರ್ಜಿದಾರಳು ಖುದ್ದಾಗಿ ಹಾಜರಾಗುತ್ತಾಳೆ. ನನ್ನ ಅಂಗಡಿಯ ಕೈಯಿರುವ ಕುರ್ಚಿಯಲ್ಲಿ ಕೂರಿಸಿ, ಟೀಚರ್, ಕಹಳೆಯ ಯುವಕ, ತರಕಾರಿ ಗಾಡಿಯವನು, ನಾನು, ನಾಲ್ವರೂ ಹೊತ್ತು ನಾಲ್ಕು ಮಹಡಿ ಇಳಿಸಿ ಕರೆತರುತ್ತೇವೆ. ನಿಮ್ಮ ಕಟ್ಟಡದ ಮೆಟ್ಟಿಲ ಬುಡದವರೆಗೆ ತರುತ್ತೇವೆ. ಅಲ್ಲಿಂದ ಮೇಲಕ್ಕೆ ಹೊರುವುದಿಲ್ಲ. ಅಲ್ಲಿಂದ ನೀವು ಇಳಿಯಬೇಕು. ನಿಮ್ಮ ಮಂಡಿ ಗಟ್ಟಿಯಾಗಿವೆ ಎಂದು ಕೇಳಿದ್ದೇನೆ. ನೋಡೋಣಪ್ಪನನ್ನೂ ಕರೆಸಿ, ಎರಡು ಮುಂಗಡದಲ್ಲಿ ಒಂದನ್ನು ಅಲ್ಲೇ ಎಣಿಸಿ ಕೊಡಿಸಬೇಕು. ಬಣ್ಣದ ಲೆಕ್ಕ ಬೇಕಾದರೆ ನ್ಯಾಯವಾಗಿ ಕಳೆಯಲಿ. ಸತ್ಯದ ಲೆಕ್ಕ ಕಳೆಯಲು ಬಿಡುವುದಿಲ್ಲ.

ಒಂದು ಮಾತು ಮುಂಚಿತವಾಗಿ ತಿಳಿಸಬೇಕು. ಇಳಿದ ಮೇಲೆ ಮತ್ತೆ ಹೇಗೆ ಹತ್ತಿಸುವುದು ಎಂದು ನಾವು ಲೆಕ್ಕ ಹಾಕುತ್ತಿದ್ದಾಗ ಅಮ್ಮ ಕಡ್ಡಿ ಮುರಿದ ಹಾಗೆ ಹೇಳಿದಳು: "ನಾನು ಇಳಿದ್ರೆ ಮತ್ತೆ ಹತ್ತಲ್ಲ. ಗಡಿಯಾರದವರ ಮನೆಗೆ ಹೋಗ್ತೀನಿ, ಇಲ್ಲಾಂದ್ರೆ ಕೂತಲ್ಲೇ ನನ್ನ ಮನೆ." ಅವಳ ಹಟ ನನಗೆ ಗೊತ್ತು. ತಕ್ಕಡಿ, ಎರಡು ಬುಟ್ಟಿ, ಹೊದಿಕೆ ಆಗಲೇ ಗಂಟು ಕಟ್ಟಿಯಾಗಿದೆ. ಆದ್ದರಿಂದ ನಿಮ್ಮ ಮೆಟ್ಟಿಲ ಬುಡದ ಜಾಗಕ್ಕೆ ತಿಂಗಳಿಗೆ ಬಾಡಿಗೆ ಎಷ್ಟು ಎಂದು ದಯವಿಟ್ಟು ತಿಳಿಸಿ. ತಪ್ಪದೆ ಕೊಡುತ್ತೇವೆ. ಮುಂಗಡ ಮಾತ್ರ ಕೇಳಬೇಡಿ, ಅದು ನೋಡೋಣಪ್ಪನ ಹತ್ತಿರ ಓಡಾಡುತ್ತಿದೆ.

ಇಂತಿ,
ಇರಲೂ ಆಗದ, ಬಿಡಲೂ ಆಗದ ಮನೆಯಿಂದ,
ತಮ್ಮ ಕಚೇರಿಯಲ್ಲಿ ಇನ್ನೂ ಹುಟ್ಟದ ವ್ಯಾಜ್ಯದ ಅರ್ಜಿದಾರಳ ಮಗಳು
(ಸೋಮವಾರ ಕುರ್ಚಿಯ ಎಡಗಾಲು ಹಿಡಿದಿರುವವಳು ನಾನೇ)