ನಕ್ಷೆಯಲ್ಲಿಲ್ಲದ ಕ್ಲೋವರ್

ಏಪ್ರಿಲ್ 27, ಬೆಳಿಗ್ಗೆ 6

ಹಾಲು ಕರೆದಾಯಿತು. ನೆಲ ಒಣಗಿದೆ, ಮುಷ್ಟಿಯಲ್ಲಿ ಹಿಡಿದರೆ ಉದುರುತ್ತದೆ. ವೆನೆರ್ನ್ ಸರೋವರದ ಕಡೆಯಿಂದ ಗಾಳಿ. ಬಿತ್ತಲು ಇದಕ್ಕಿಂತ ಒಳ್ಳೆಯ ದಿನ ಸಿಗದು.

ಈ ಸಲ ಬರ್ಚ್ ಮರಗಳ ಆಚೆಯ ಹೊಲದ ತುಂಡಿಗೆ ಬಾರ್ಲಿ, ಅದರ ಅಡಿಗೆ ಕೆಂಪು ಕ್ಲೋವರ್. ಬಾರ್ಲಿ ಕೊಯ್ದ ಮೇಲೆ ಕ್ಲೋವರ್ ಏಳುತ್ತದೆ. ಎರಡು ವರ್ಷ ಹಸುಗಳಿಗೆ ಮೇವು, ನೆಲಕ್ಕೆ ಬಲ. ಚೀಲದ ಗೊಬ್ಬರ ಬಿಟ್ಟು ಮೂವತ್ತು ವರ್ಷವಾಯಿತು. ಕ್ಲೋವರ್ ಹೋದರೆ ಅದರ ಹಿಂದೆ ಬರುವ ಗೋಧಿಯೂ ಹೋದಂತೆ.

ಅಡುಗೆಮನೆ ಗೋಡೆಯ ನಕ್ಷೆ ನೋಡಿದೆ. ನನ್ನ ಹೆಂಡತಿ ಗುಲ್ವಿ ಬರೆದದ್ದು, ಪ್ರತಿ ತುಂಡಿಗೆ ವರ್ಷಕ್ಕೊಂದು ಚೌಕ, ಅದಕ್ಕೆ ಪೆನ್ಸಿಲ್ ಬಣ್ಣ. ಕ್ಲೋವರ್ ಹಸಿರು, ಬಟಾಣಿ ಹಳದಿ. ಒಮ್ಮೆ ಕ್ಲೋವರ್ ಬೆಳೆದ ತುಂಡಿಗೆ ಏಳು ವರ್ಷ ಮತ್ತೆ ಬರಬಾರದು. ಬಂದರೆ ಕೊಳೆರೋಗ. ನಾನು ಶಾಲೆಗೆ ಹೋದದ್ದು ಏಳೇ ವರ್ಷ, ಆದರೂ ಏಳರ ತನಕ ಎಣಿಸಲು ಬರುತ್ತದೆ. ಸರಿಯಾಗಿ ಏಳಾಗಿದೆ.

ಹೊರಡುವಾಗ ಗುಲ್ವಿ ಬಾಗಿಲಿಗೆ ಅಡ್ಡ ನಿಂತಳು. ಮಲಗುವ ಅಂಗಿ, ಅದರ ಮೇಲೆ ನನ್ನ ಕೋಟು.

“ಅಲ್ಲಿ ಹಾಕ್ಬೇಡ. ಅಲ್ಲಿ ಕ್ಲೋವರ್ ಇತ್ತು.”

“ಇತ್ತು. ಏಳು ವರ್ಷದ ಹಿಂದೆ.”

“ಆಮೇಲೂ ಇತ್ತು. ಬಟಾಣಿ ಮುಳುಗಿಹೋಯ್ತಲ್ಲ, ಆಗ. ನೀನು ಇರ್ಲಿಲ್ಲ.”

“ನಾನೆಲ್ಲಿಗೆ ಹೋಗಿದ್ದೆ? ಹುಟ್ಟಿದ್ದೇ ಈ ಮನೇಲಿ. ನೋಡಿಲ್ಲಿ, ಬಟಾಣಿ. ಹಳದಿ. ನಿನ್ನ ಕೈಯೇ.”

ನಕ್ಷೆಯ ಮುಂದೆ ಬಹಳ ಹೊತ್ತು ನಿಂತಳು. “ನನ್ನ ಕೈಯೇ” ಎಂದಳು. ಆಮೇಲೆ, “ಎಲೋಫ್, ಅಲ್ಲಿ ಹಾಕ್ಬೇಡ.”

ಎಲೋಫ್ ನನ್ನ ಅಣ್ಣ. ಸತ್ತು ಹದಿನೆಂಟು ವರ್ಷ. ನಾನು ಎವರ್ಟ್.

ಬಿತ್ತಿ ಬಂದೆ.

ಮೇ 30

ಗುಲ್ವಿ ಒಲೆ ಆರಿಸಿರಲಿಲ್ಲ. ಪಾತ್ರೆ ಕರಿಕಲು. ಈ ತಿಂಗಳಲ್ಲಿ ಮೂರನೇ ಸಲ. ಬೈದೆ. ಬೈಯಬಾರದಿತ್ತು... ಬೈದೆ.

ಜೂನ್ 11

ಮಧ್ಯಾಹ್ನ ಊಟಕ್ಕೆ ಬಂದರೆ ಗುಲ್ವಿ ಮನೆಯಲ್ಲಿಲ್ಲ. ಹುಡುಕಿದೆ. ಬರ್ಚ್ ಆಚೆಯ ತುಂಡಿನಲ್ಲಿ ಮಂಡಿಯೂರಿ ಕೂತಿದ್ದಳು, ಕಾಲಲ್ಲಿ ಮನೆಯ ಚಪ್ಪಲಿ. ಬಾರ್ಲಿ ಸಾಲುಗಳ ನಡುವೆ ಕ್ಲೋವರ್ ಸಸಿ ಕೀಳುತ್ತಿದ್ದಳು. ಒಂದೊಂದಾಗಿ. ಮಡಿಲು ತುಂಬ.

“ಏನ್ ಮಾಡ್ತಿದೀಯ?”

“ಕೀಳ್ತಿದೀನಿ. ಇನ್ನೂ ತಡ ಆಗಿಲ್ಲ.”

“ಐದು ಹೆಕ್ಟೇರ್ ಕೈಯಲ್ಲಿ ಕೀಳ್ತೀಯಾ? ತಲೆ ಪೂರ್ತಿ ಹೋಯ್ತಾ?”

ರಟ್ಟೆ ಹಿಡಿದು ಎಬ್ಬಿಸಿದೆ. ಸಂಜೆ ನೋಡಿದರೆ ರಟ್ಟೆಯ ಮೇಲೆ ನನ್ನ ಬೆರಳಿನ ಗುರುತು.

ಪುರಸಭೆಗೆ ಫೋನ್ ಮಾಡಿದೆ. ವಯಸ್ಸಾದವರನ್ನು ನೋಡಿಕೊಳ್ಳುವ ವಿಭಾಗ ಒಂದಿದೆ. ಸೆಪ್ಟೆಂಬರ್‌ನಲ್ಲಿ ಯಾರೋ ಬರುತ್ತಾರಂತೆ.

ಆಗಸ್ಟ್ 20

ಬಾರ್ಲಿ ಕೊಯ್ಲು. ಯಂತ್ರ ಪಕ್ಕದ ಹೊಲದ ಹೋಲ್ಗರ್‌ನದು, ಓಡಿಸಿದ್ದೂ ಅವನೇ. ಕೂಳೆಯ ನಡುವೆ ಕ್ಲೋವರ್ ದಟ್ಟವಾಗಿ ಹರಡಿದೆ. ಹೋಲ್ಗರ್ ಇಳಿದು, ಬೂಟಿನ ತುದಿಯಿಂದ ಸರಿಸಿ ನೋಡಿದ.

“ಮತ್ತೆ ಇಲ್ಲೇನಾ ಕ್ಲೋವರ್?”

“ನಕ್ಷೆ ಇದೆ ನನ್ನ ಹತ್ರ. ನೀನು ಕೊಯ್ಯೋಕೆ ಬಂದಿದೀಯ, ಕೊಯ್ಯಿ.”

“ನಿನ್ನ ಹೊಲ, ನಿನ್ನಿಷ್ಟ” ಎಂದು ಮತ್ತೆ ಹತ್ತಿದ.

ಗುಲ್ವಿ ಕಾಫಿ, ಏಲಕ್ಕಿ ಬನ್ ತಂದಳು. ಕಾಫಿ ಬರೀ ಬಿಸಿನೀರು. ಪುಡಿಯೇ ಹಾಕಿಲ್ಲ. ಹೋಲ್ಗರ್ ಎರಡು ಲೋಟ ಕುಡಿದ. “ಚೆನ್ನಾಗಿದೆ ಗುಲ್ವಿ” ಎಂದ.

ನಾನು ಚೆಲ್ಲಿದೆ.

ಸೆಪ್ಟೆಂಬರ್ 19

ಪುರಸಭೆಯ ಹೆಂಗಸು ಬಂದಿದ್ದಳು. ಲಿಸ್ಬೆಟ್ ಎಂದು ಹೆಸರು. ಮೆತ್ತಗೆ ಮಾತು, ಕೈಯಲ್ಲಿ ಫಾರಂ.

“ಇವತ್ತು ಯಾವ ವಾರ, ಗುಲ್ವಿ?”

“ನಮ್ಮ ಹಸುಗಳಿಗೆ ಭಾನುವಾರ ಅಂತಿಲ್ಲ. ಅವುಕ್ಕೇ ಇಲ್ಲದ್ದು ನನಗ್ಯಾಕೆ?”

ಲಿಸ್ಬೆಟ್ ನಕ್ಕಳು. ಗುಲ್ವಿಯೂ ನಕ್ಕಳು. ಆ ಅರ್ಧ ಗಂಟೆ ನನಗಿಂತ ಚುರುಕಾಗಿದ್ದಳು. ಲಿಸ್ಬೆಟ್ ಫಾರಂ ಮಡಿಸುತ್ತ, “ದಿನಕ್ಕೆರಡು ಸಲ ಸಹಾಯಕ್ಕೆ ಜನ ಕಳಿಸಿದ್ರೆ ಇವರು ಮನೇಲೇ ಇರಬಹುದು ಅನ್ಸುತ್ತೆ. ನೀವೇನಂತೀರಿ?” ಎಂದಳು.

ಒಲೆಯ ವಿಷಯ ಹೇಳಿದೆ. ಅದು ಎಲ್ಲರ ಮನೆಯಲ್ಲೂ ಆಗುತ್ತದೆ ಎಂದಳು. ನನಗೆ ಸಿಟ್ಟು ಬಂತು. ನಿದ್ದೆಯಿಲ್ಲದೆ ಮೂರು ತಿಂಗಳು.

ಕ್ಲೋವರ್ ವಿಷಯ ಹೇಳಿದೆ. ಈ ನಕ್ಷೆ ಬರೆದವಳೇ ಇವಳು. ಈಗ ಯಾವ ತುಂಡಿನಲ್ಲಿ ಏನಿತ್ತು ಎಂದು ಇವಳಿಗೇ ಗೊತ್ತಿಲ್ಲ. ಇಲ್ಲದ ಬೆಳೆ ಇತ್ತು ಅನ್ನುತ್ತಾಳೆ. ಇರುವ ಬೆಳೆ ಕೀಳುತ್ತಾಳೆ. ನಾಳೆ ರಸ್ತೆಗೆ ಹೋಗುತ್ತಾಳೆ, ಕೆರೆಗೆ ಹೋಗುತ್ತಾಳೆ.

ಲಿಸ್ಬೆಟ್ ಎದ್ದು ನಕ್ಷೆ ನೋಡಿದಳು. ಹಳದಿ ಚೌಕದ ಮೇಲೆ ಬೆರಳಿಟ್ಟು, “ಇದೇನಾ?” ಎಂದಳು. ಮತ್ತೆ ಕೂತು ಒಂದು ಪುಟ ತುಂಬ ಬರೆದುಕೊಂಡಳು.

“ಬಟಾಣಿ ಮುಳುಗಿತ್ತು” ಎಂದಳು ಗುಲ್ವಿ. ಮೆಲ್ಲಗೆ. ನನಗಲ್ಲ, ಮೇಜಿಗೆ.

ನವೆಂಬರ್ 4

ಗುಲ್ವಿಯನ್ನು ಪುರಸಭೆಯ ವೃದ್ಧಾಶ್ರಮದಲ್ಲಿ ಬಿಟ್ಟು ಬಂದೆ. ಒಂದು ಪೆಟ್ಟಿಗೆ, ಎರಡು ಸ್ವೆಟರ್, ಅವಳ ದಿಂಬು. ಕಾರಿನಲ್ಲಿ ಬರ್ಚ್ ಆಚೆಯ ತುಂಡು ದಾಟುವಾಗ ಕತ್ತು ತಿರುಗಿಸಿ ಹಿಂದಿನ ಗಾಜಿನಿಂದ ನೋಡುತ್ತಲೇ ಇದ್ದಳು. ಕ್ಲೋವರ್ ಎಲೆಗಳ ಮೇಲೆ ಕಂದು ಚುಕ್ಕೆ. ಮಂಜಿಗೆ ಸುಟ್ಟಿರಬೇಕು.

“ಎಷ್ಟು ದಿನ?” ಎಂದಳು ಬಾಗಿಲಲ್ಲಿ.

“ಚಳಿಗಾಲ ಕಳೀಲಿ.”

ಸುಳ್ಳು.

ಡಿಸೆಂಬರ್ 24

ಉಪ್ಪುಮೀನು, ಆಲೂಗಡ್ಡೆ. ಒಬ್ಬನೇ. ಹಸುಗಳಿಗೆ ಒಂದು ಹಿಡಿ ಮೇವು ಹೆಚ್ಚು ಹಾಕಿದೆ. ಗುಲ್ವಿ ಕ್ರಿಸ್‌ಮಸ್ ಹಬ್ಬಕ್ಕೆ ಹಾಗೆ ಹಾಕುತ್ತಿದ್ದಳು.

ಏಪ್ರಿಲ್ 9

ಹಿಮ ಕರಗಿತು. ಬರ್ಚ್ ಆಚೆಗೆ ಹೋದೆ.

ಕ್ಲೋವರ್ ಸತ್ತಿದೆ. ಅಲ್ಲಲ್ಲಿ ಅಲ್ಲ, ಪೂರ್ತಿ. ಬೂದು ಬಣ್ಣದ ಲೋಳೆ ನೆಲಕ್ಕೆ ಅಂಟಿಕೊಂಡಿದೆ. ಒಂದು ಗಿಡ ಎಳೆದೆ, ಬುಡ ಕೈಗೆ ಬಂತು, ಬೇರು ಮಣ್ಣಿನಲ್ಲೇ ಉಳಿಯಿತು. ಬುಡದಲ್ಲಿ ಇಲಿಹಿಕ್ಕೆಯಂಥ ಕಪ್ಪು ಕಾಳು. ಇನ್ನೊಂದು ಎಳೆದೆ. ಕಪ್ಪು ಕಾಳು. ಎಷ್ಟು ಎಳೆದೆನೋ.

ಕೊಳೆರೋಗ. ಏಳು ವರ್ಷ ಬಿಟ್ಟ ನೆಲಕ್ಕೆ ಹೀಗಾಗುವುದಿಲ್ಲ.

ಏಪ್ರಿಲ್ 10

ಹೋಲ್ಗರ್‌ನ ಮನೆಗೆ ಹೋದೆ. ಗಿಡವನ್ನು ಅವನ ಮೇಜಿನ ಮೇಲೆ ಹಾಕಿದೆ. ಮುಟ್ಟಲೂ ಇಲ್ಲ ಅವನು.

“ನೀನು ಅಟ್ಟದ ಏಣಿಯಿಂದ ಬಿದ್ದು ಸೊಂಟ ಮುರ್ಕೊಂಡ ವರ್ಷ. ಜೂನ್ ಪೂರ್ತಿ ಮಳೆ. ಬಟಾಣಿ ಮುಳುಗಿಹೋಯ್ತು. ಗುಲ್ವಿ ನನ್ನ ಬಿತ್ತೋ ಯಂತ್ರ ತಗೊಂಡು ಹೋಗಿ ಕ್ಲೋವರ್ ಹಾಕಿದ್ಲು, ನೆಲ ಬರಿದಾಗಿ ಇರ್ಬಾರ್ದು ಅಂತ. ಮುಂದಿನ ಮೇನಲ್ಲಿ ನಾನೇ ಉತ್ತೆ. ಸೊಂಟ ಸರಿ ಕೂಡದೆ ನೀನಿನ್ನೂ ಹಾಸಿಗೇಲಿದ್ದೆ.”

ನಾಲ್ಕು ವರ್ಷದ ಹಿಂದೆ. ನಾನು ಇರಲಿಲ್ಲ. ಹೌದು, ಇರಲಿಲ್ಲ.

“ಮತ್ತೆ ನಕ್ಷೇಲಿ ಯಾಕೆ ತಿದ್ದಲಿಲ್ಲ ಅವಳು?”

“ಎರಡು ಹೊತ್ತು ಹಾಲು ಕರೆದು, ದಿನಾ ನಲವತ್ತು ಕಿಲೋಮೀಟರ್ ನಿನ್ನ ಆಸ್ಪತ್ರೆಗೆ ಹೋಗ್ತಿದ್ಲು ಮಾರಾಯ. ಬಣ್ಣದ ಪೆನ್ಸಿಲ್ ಹಿಡ್ಕೊಂಡು ಕೂರ್ತಾಳಾ?”

“ನೀನಾದ್ರೂ ಹೇಳ್ಬೇಕಿತ್ತು.”

“ಆಗಸ್ಟ್‌ನಲ್ಲಿ ಬಾಯಿ ತೆಗ್ದೆ. ನೀನು ಮುಚ್ಚಿಸ್ದೆ. ಗುಲ್ವಿ ಹೇಳಿರ್ತಾಳೆ ಅಂದ್ಕೊಂಡೆ.”

“ಹೇಳಿದ್ಲು” ಎಂದೆ.

ಏಪ್ರಿಲ್ 11

ಲಿಸ್ಬೆಟ್‌ಗೆ ಫೋನ್. ಕ್ಲೋವರ್ ಇತ್ತು, ತಪ್ಪಿದ್ದು ನಾನು, ಅವಳನ್ನು ಮನೆಗೆ ಕರೆತರುತ್ತೇನೆ ಎಂದೆ.

“ಎವರ್ಟ್, ಅವರು ಚಳಿಗಾಲದಲ್ಲಿ ತುಂಬಾ ಇಳಿದುಹೋಗಿದ್ದಾರೆ. ನೀವು ನೋಡಿ ಎಷ್ಟು ದಿನ ಆಯ್ತು?”

ಜನವರಿ. ಜನವರಿಯಿಂದ ಹೋಗಿಲ್ಲ.

ಏಪ್ರಿಲ್ 12, ಸಂಜೆ 4

ಹೋಗಿದ್ದೆ. ಕಿಟಕಿಯ ಬಳಿ ಕೂರಿಸಿದ್ದರು. ಕೂದಲು ಯಾರೋ ಬೇರೆ ಥರ ಬಾಚಿದ್ದಾರೆ. ನನ್ನನ್ನು ನೋಡಿ ಎದ್ದು ನಿಲ್ಲಲು ಹೋದಳು, ಮನೆಗೆ ಬಂದವರಿಗೆ ಏಳುವ ಹಾಗೆ.

ಕರವಸ್ತ್ರ ಬಿಚ್ಚಿ ಗಿಡವನ್ನು ಅವಳ ಮಡಿಲಿಗೆ ಇಟ್ಟೆ.

ಅವಳ ಕೈ ತಾನಾಗಿ ಕೆಲಸ ಮಾಡಿತು. ಬುಡ ಮುರಿದಳು, ಮೂಸಿದಳು, ಉಗುರಿನಲ್ಲಿ ಒಂದು ಕಪ್ಪು ಕಾಳು ಬಿಡಿಸಿ ಬೆಳಕಿಗೆ ಹಿಡಿದಳು.

“ಯಾರ ಹೊಲದ್ದು?”

“ನನ್ನದು.”

“ಪಾಪ. ಇನ್ನು ಏಳು ವರ್ಷ ಅಲ್ಲಿ ಹಾಕ್ಬೇಡಿ. ಮನೇಲಿ ಯಾರೂ ಹೇಳ್ಲಿಲ್ವಾ ನಿಮ್ಗೆ?”

“ಹೇಳಿದ್ಲು.”

“ಕೇಳ್ಬೇಕಿತ್ತು” ಎಂದಳು. ಬೈಗುಳವಲ್ಲ, ಮರುಕ. ಕಾಳನ್ನು ನನ್ನ ಅಂಗೈಗೆ ಹಾಕಿ ಬೆರಳು ಮಡಿಸಿದಳು. “ನಮ್ಮ ಎವರ್ಟ್‌ಗೆ ತೋರ್ಸಿ. ಅವನು ಈಗ ಬರೋ ಹೊತ್ತು. ಕಾಫಿ ಕುಡ್ದು ಹೋಗಿ.”

ಕಾದೆ. ಇಬ್ಬರೂ ಕಾದೆವು, ರಸ್ತೆ ನೋಡುತ್ತ.

ಏಪ್ರಿಲ್ 14

ಹಾಲು ಕರೆದಾಯಿತು. ನಕ್ಷೆಯನ್ನು ಗೋಡೆಯಿಂದ ಇಳಿಸಿದೆ. ಸೊಂಟ ಮುರಿದ ವರ್ಷದ ಹಳದಿ ಚೌಕ ರಬ್ಬರಿನಿಂದ ಉಜ್ಜಿದೆ. ಕಾಗದ ಸ್ವಲ್ಪ ಹರಿಯಿತು. ಹಸಿರು ಹಾಕಬೇಕು. ಡಬ್ಬಿಯಲ್ಲಿ ಎಲ್ಲ ಬಣ್ಣ ಇದೆ, ಹಸಿರು ಪೆನ್ಸಿಲ್ ಮಾತ್ರ ಇಲ್ಲ. ಎಲ್ಲಿಟ್ಟಿದ್ದಾಳೆ ಎಂದು ಗುಲ್ವಿಯನ್ನು ಕೇಳಲು ಎದ್ದೆ.