ಎಡಗಿವಿಯ ಬೆಂಡೋಲೆ

ಅಕ್ಕಾ,

ನೀನು ಸತ್ತು ವರ್ಷ ತುಂಬಿತು. ನಿನ್ನ ಮನೆಗೆ ನನ್ನನ್ನೇ ಕೊಡುವುದೆಂದು ಮಾತಾಗಿದೆ. ಇವತ್ತು ಭಾವ ಹಿರೇನಲ್ಲೂರಿನಿಂದ ನಿನ್ನ ಬೆಂಡೋಲೆ ತಂದಿದ್ದರು.

ಹರಳಿನ ಟಿಕ್ಕಿಗೆ ಒಗ್ಗಿದ್ದ ನನ್ನ ಕಿವಿಯ ತೂತಿಗೆ ಅದರ ದಪ್ಪ ಕಡ್ಡಿ ಹೋಗಲಿಲ್ಲ. ಅವ್ವ ಎಣ್ಣೆ ಸವರಿ ಒತ್ತಿದಳು.

"ತಡ್ಕೊಳೇ, ನಿಮ್ಮಕ್ಕಂಗೂ ಹಿಂಗೇ ನೋಯ್ತಿತ್ತು. ಆಮೇಲೆ ಒಗ್ಗೋಯ್ತು."

ಬಲಗಿವಿಯದು ಕೂತಿತು. ಎಡಗಿವಿಯದರ ಕಡ್ಡಿ ಬಗ್ಗಿತ್ತು, ತಿರುಪು ಹತ್ತಲಿಲ್ಲ. ನೀನು ಹಬ್ಬಕ್ಕೆ ಬಂದಾಗಲೆಲ್ಲ ಅದೊಂದೇ ಬಗ್ಗಿರುತ್ತಿತ್ತು. ಮಗ್ಗುಲಾಗಿ ಮಲಗಿ ಹಾಗಾಯಿತು ಅನ್ನುತ್ತಿದ್ದೆ. ನಾವು ತರೀಕೆರೆಯ ಅಕ್ಕಸಾಲಿಗರಿಂದ ನೆಟ್ಟಗೆ ಮಾಡಿಸಿ ನಿನ್ನನ್ನು ಕಳಿಸುತ್ತಿದ್ದೆವು.

"ಇತ್ಲಾಗೆ ಕೊಡಿ, ನಾನ್ ಹಾಕ್ತೀನಿ," ಎಂದು ಭಾವ ನನ್ನೆದುರು ನಿಂತು ಕೈ ಎತ್ತಿದರು. ಆ ಬಲಗೈ ನನ್ನ ಎಡಗಿವಿಯ ನೇರಕ್ಕೆ ಬಂತು.

ಅಕ್ಕಾ, ನೀನು ಮಲಗುತ್ತಿದ್ದುದು ಯಾವಾಗಲೂ ಬಲಮಗ್ಗುಲಲ್ಲಿ, ನನ್ನ ಕಡೆ ತಿರುಗಿ.